ದಾನಿಯ ಆಯ್ಕೆ

ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ನಾನು ಕೊಂಡ ಎಂ.ಜಿ.ಬಿ. ಕಾರು 1966ರದು. ಒಡಲು ಗಟ್ಟಿಯಾಗಿತ್ತು, 1798 ಸಿ.ಸಿ.ಯ, ನಾಲ್ಕು ಸಿಲಿಂಡರಿನ ಎಂಜಿನ್ ಮಾತ್ರ ಏರು ಕಂಡೊಡನೆ ಏದುಸಿರು ಬಿಡುತ್ತಿತ್ತು. ಬೇರೊಂದು ಕಾರಿನ ಎಂಜಿನ್ ತಂದು ಕೂಡಿಸಲು ನಿಶ್ಚಯಿಸಿದೆ. ಎಂಜಿನ್ ಕೊಡುವ ಕಾರನ್ನು ಅಲ್ಲಿಯವರು ‘ದಾನಿ’ ಎನ್ನುತ್ತಾರೆ. ದಾನಿ ಯಾರಾಗಬೇಕು?

ಶಕ್ತಿಯೊಂದಿದ್ದರೆ ಸಾಕೆಂಬುದು ನನ್ನ ಮೊದಲ ಎಣಿಕೆ. ಅದು ತಪ್ಪೆಂದು ತಿಳಿಸಿದ್ದು ಎಂ.ಜಿ.ಯ ಇತಿಹಾಸವೇ. 1967ರಲ್ಲಿ ಇದೇ ಒಡಲಿಗೆ 2912 ಸಿ.ಸಿ.ಯ, ಆರು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಟ್ಟು ಎಂ.ಜಿ.ಸಿ. ಎಂದು ಹೆಸರಿಸಿದರು. ಮೂಗು ಭಾರವಾಗಿ, ತಿರುವುಗಳಲ್ಲಿ ಹಳೆಯ ಚುರುಕು ಉಳಿಯಲಿಲ್ಲ. 1969ಕ್ಕೆ ಅದರ ತಯಾರಿಕೆಯೇ ನಿಂತಿತು.

ರೋವರ್‌ನ ವಿ-8 ಎಂಜಿನ್ನಿನ ಕಥೆ ಬೇರೆ. ಅಮೆರಿಕದ ಬ್ಯೂಯಿಕ್ ಕಾರಿಗೆಂದು ಹುಟ್ಟಿ, ಅಲ್ಲಿ ಬೇಡವಾಗಿ, ಇಂಗ್ಲೆಂಡಿಗೆ ಬಂದದ್ದು ಅದು. ಗಾತ್ರ 3528 ಸಿ.ಸಿ.; ಆದರೆ ಅಲ್ಯೂಮಿನಿಯಮ್ಮಿನದಾದ್ದರಿಂದ ತೂಕ ನನ್ನ ಹಳೆಯದಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಕೆನ್ ಕಾಸ್ಟೆಲ್ಲೊ ಎಂಬಾತ ಅದನ್ನು ಎಂ.ಜಿ.ಬಿ.ಗೆ ಕೂಡಿಸಿ ತೋರಿಸಿದ ಮೇಲೆ, 1973ರಿಂದ 1976ರವರೆಗೆ ಕಾರ್ಖಾನೆಯೂ ಅಂಥ 2591 ಕಾರುಗಳನ್ನು ಮಾಡಿತು. ಕಾರ್ಖಾನೆಗೂ ಪಾಠ ಹೇಳುವವರಿರುತ್ತಾರೆ, ನೋಡಿ!

ಗುಜರಿಯಲ್ಲಿ ಜಜ್ಜಿಹೋಗಿದ್ದ ರೋವರ್ ಎಸ್.ಡಿ.-1 ನನಗೆ ದಾನಿಯಾಯಿತು. ಎಂಜಿನ್ನಿನ ನೀರಿನ ಹಾದಿಗಳನ್ನು ಮೊದಲು ಪರೀಕ್ಷಿಸಿದೆ. ಬರಿಯ ನೀರು ಅಲ್ಯೂಮಿನಿಯಮ್ಮನ್ನು ತಿಂದುಬಿಡುತ್ತದೆ. ಕೂಡಿಸಹೋದಾಗ ಹೊಗೆಕೊಳವೆಗಳಿಗೆ ಎಡೆಯಿಲ್ಲ. ಒಳಬದಿಯ ತಗಡನ್ನು ಕತ್ತರಿಸಬೇಕು. ಕತ್ತರಿಸಿದರೆ ಕಾರು ಮತ್ತೆ ಮೊದಲಿನಂತಾಗದು. ಗರಗಸ ಹಿಡಿದು ಸಂಜೆಯೆಲ್ಲ ಸುಮ್ಮನೆ ನಿಂತಿದ್ದೆ.

ಮರುದಿನ ಕತ್ತರಿಸಿದೆ. ಹಳೆಯ ಎಂಜಿನ್ನನ್ನು ಮಾತ್ರ ಮಾರಲು ಮನಸ್ಸಾಗಲಿಲ್ಲ. ಎಣ್ಣೆ ಸವರಿ, ಕಂಬಳಿ ಸುತ್ತಿ, ಶೆಡ್ಡಿನ ಮೂಲೆಯಲ್ಲಿಟ್ಟೆ.