ಗೀರು ಮತ್ತು ಹೊಳಪು
(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾರಿನ ಬಣ್ಣದ ಮೇಲೆ ಬೀಳುವ ಗೀರುಗಳನ್ನು ಕುರಿತು ಶಾಲೆಯ ಸಭೆಯಲ್ಲಿ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮ ಕಾಣಕೋಣದಲ್ಲಿ ಇದು ಅನ್ನದ ಮಾತೂ ಹೌದು. ಪಾಳೊಳೆ, ಆಗೊಂದಗಳ ಕಡಲತೀರಕ್ಕೆ ಪ್ರವಾಸಿಗಳು ಬರುವ ಈ ತಾಲೂಕಿನಲ್ಲಿ ಕಾರು ಓಡಿಸಿ, ತೊಳೆದು, ರಿಪೇರಿ ಮಾಡಿ ಸಂಸಾರ ನಡೆಸುವವರು ಅನೇಕರು. ಸಾಲ ಮಾಡಿ ಕೊಂಡ ಗಾಡಿಯನ್ನು ಮಾರುವ ದಿನ ಬಂದಾಗ, ಕೊಳ್ಳುವವನು ಯಂತ್ರವನ್ನು ನೋಡುವ ಮೊದಲು ಬಣ್ಣವನ್ನು ನೋಡುತ್ತಾನೆ. ಬಣ್ಣ ಮಾಸಿದ್ದರೆ ಬೆಲೆ ಇಳಿಸುತ್ತಾನೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ತಿಳಿಯೋಣ.

ಬಿಸಿಲಿನಲ್ಲಿ ನಿಂತ ಕಪ್ಪು ಕಾರನ್ನು ನೋಡಿದರೆ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸುರುಳಿ ಸುರುಳಿಯಾದ ಸೂಕ್ಷ್ಮ ಗೆರೆಗಳು ಕಾಣುತ್ತವೆ. ಯಾರೋ ವೃತ್ತಾಕಾರವಾಗಿ ಉಜ್ಜಿದ್ದಾರೆಂದು ನಾವು ಭಾವಿಸುತ್ತೇವೆ. ನಿಜವು ಬೇರೆ. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಅವುಗಳಲ್ಲಿ ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಇರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿನೆಡೆಗೆ ತಿರುಗಿಸುತ್ತವೆ. ಅವೆಲ್ಲ ಸೇರಿ ಬಿಂಬದ ಸುತ್ತ ಬಳೆಯಂತೆ ತೋರುತ್ತವೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಹುಕಾಲ ನಾರಿನಿಂದ ತಿಕ್ಕಿದ ಸ್ಟೀಲ್ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ಮೆಲ್ಲನೆ ಸರಿಸಿರಿ. ತಟ್ಟೆ ಸರಿದರೂ ಬಳೆಗಳು ದೀಪದ ಬಿಂಬವನ್ನು ಬಿಟ್ಟು ಹೋಗುವುದಿಲ್ಲ.

ಈ ಗೀರುಗಳು ಎಷ್ಟು ಆಳ? ಈಗಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ ಇರುತ್ತವೆ. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ಕ್ಲಿಯರ್ ಕೋಟ್ ಮಾತ್ರ ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಬಿಸಿಲು ಮಳೆಗಳಿಂದ ಬಣ್ಣವನ್ನು ಕಾಯುವುದು ಈ ತೆಳುವಾದ ಪೊರೆಯೇ. ಸುರುಳಿ ಗೀರುಗಳು ಇರುವುದೂ ಇದರಲ್ಲಿಯೇ.

ಅವುಗಳನ್ನು ತೆಗೆಯುವುದೆಂದರೇನು? ಇಲ್ಲಿಯೇ ಬಹು ಜನರು ತಪ್ಪು ತಿಳಿಯುತ್ತಾರೆ. ಪಾಲಿಶ್ ಹಚ್ಚಿದರೆ ಗೀರು ತುಂಬಿಕೊಳ್ಳುತ್ತದೆ ಎಂಬುದು ಅವರ ಎಣಿಕೆ. ಚನ್ನಪಟ್ಟಣದ ಗೊಂಬೆಗಳನ್ನು ನೆನೆಯಿರಿ. ಅಲ್ಲಿನ ಕುಶಲಕರ್ಮಿಯು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಘರ್ಷಣೆಯ ಶಾಖದಿಂದ ಅರಗು ಕರಗಿ ಹರಡುತ್ತದೆ. ಬಳಿಕ ಕೇದಗೆಯ ಗರಿಯನ್ನು ಒತ್ತಿ ಹಿಡಿದು ಹೊಳಪು ಬರಿಸುತ್ತಾನೆ. ಅರಗು ಬಿಸಿಗೆ ಮೆದುವಾಗುವ ವಸ್ತುವಾದುದರಿಂದ ಹಳ್ಳ ತಿಟ್ಟುಗಳು ಸಮವಾಗುತ್ತವೆ. ಕಾರಿನ ಲೇಪವಾದರೋ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುವಂಥದಲ್ಲ. ಪಾಲಿಶಿನಲ್ಲಿರುವ ಅತಿ ನುಣುಪಾದ ಸಾಣೆಯ ಪುಡಿಯು ಗೀರಿನ ಸುತ್ತಲಿನ ಮೈಯನ್ನು ಸವೆಸಿ, ಗೀರಿನ ತಳದ ಮಟ್ಟಕ್ಕೆ ಇಳಿಸುತ್ತದೆ. ಗೀರು ಏರುವುದಿಲ್ಲ, ನೆಲವೇ ಇಳಿಯುತ್ತದೆ. ಎಣ್ಣೆ, ಮೇಣಗಳು ಗೀರನ್ನು ಮುಚ್ಚುವುದುಂಟು; ಕೆಲವು ಸಲ ತೊಳೆಯುವಷ್ಟರಲ್ಲಿ ಅದು ಮರಳಿ ತಲೆಯೆತ್ತುತ್ತದೆ. ನಿಜವಾಗಿ ಅಳಿಸಿದ ಪ್ರತಿಯೊಂದು ಗೀರಿಗೂ ಲೇಪದ ಒಂದು ಪಾಲನ್ನು ತೆತ್ತಿರುತ್ತೇವೆ. ಆ ಗಂಟು ಮರಳಿ ತುಂಬುವುದಿಲ್ಲ.

ಆದುದರಿಂದ ಕೆಲಸವನ್ನು ಕ್ರಮವರಿತು ಮಾಡತಕ್ಕದ್ದು. ಮೊದಲು ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲನೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗಾಯ. ಪಾಲಿಶಿನಿಂದ ತೆಗೆಯಲು ಹೋಗಬಾರದು. ಸಿಕ್ಕದಿದ್ದರೆ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣಿದ ಮೇಲೆ ಚೆನ್ನಾಗಿ ತೊಳೆದು ಒಣಗಿಸಿರಿ. ಎಲ್ಲಕ್ಕಿಂತ ನುಣುಪಾದ ಪಾಲಿಶನ್ನೇ ಮೊದಲು ಆರಿಸಿ, ಒಂದು ಗೇಣು ಜಾಗದಲ್ಲಿ ಮೃದುವಾದ ಸ್ಪಂಜಿನಿಂದ ಪರೀಕ್ಷಿಸಿ ನೋಡಿರಿ. ಅದು ಸಾಲದಿದ್ದರೆ ಮಾತ್ರ ಅದಕ್ಕಿಂತ ಒರಟಾದುದು. ಅಂಚು ಮೂಲೆಗಳಲ್ಲಿ ಲೇಪ ತೆಳುವಾಗಿರುತ್ತದೆ, ಅಲ್ಲಿ ಒತ್ತಬಾರದು. ಒಂದೇ ಅಕ್ಷದ ಮೇಲೆ ವೇಗವಾಗಿ ತಿರುಗುವ ಯಂತ್ರವು ಒಂದೆಡೆ ನಿಂತರೆ ಶಾಖದಿಂದ ಲೇಪವನ್ನೇ ಸುಡಬಲ್ಲದು; ಕಲಿಯುವವರಿಗೆ ತಿರುಗುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರ ಲೇಸು. ನೂರಕ್ಕೆ ಎಂಬತ್ತು ಗೀರುಗಳು ಹೋದರೆ ನಿಲ್ಲಿಸುವುದು ಜಾಣತನ. ಕೊನೆಯ ಗೀರನ್ನೂ ಬೆನ್ನಟ್ಟುವವನು ಪೊರೆಯನ್ನೇ ಕಳೆದುಕೊಂಡಾನು. ಪೊರೆ ತೀರ ತೆಳುವಾದರೆ ಬಿಸಿಲಿಗೆ ಬೆಳ್ಳಗಾಗಿ ಸಿಪ್ಪೆಯೇಳುತ್ತದೆ. ಆಗ ಹೊಸದಾಗಿ ಬಣ್ಣ ಹೊಡೆಸದೆ ಗತಿಯಿಲ್ಲ.

ಹಾಗಾದರೆ ಗೀರುಗಳು ಎಲ್ಲಿಂದ ಬರುತ್ತವೆ? ಬಹುಮಟ್ಟಿಗೆ ನಮ್ಮ ಕೈಯಿಂದಲೇ, ಅದೂ ಶುಚಿ ಮಾಡುವ ಸದುದ್ದೇಶದಿಂದಲೇ! ನಮ್ಮದು ಕೆಂಪು ಕಲ್ಲಿನ ನಾಡು. ಈ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳೊಂದಿಗೆ ಬೆಣಚುಕಲ್ಲಿನ ಕಣಗಳೂ ಇರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಅದು ಕಿಟಕಿಯ ಗಾಜನ್ನೂ ಗೀರುತ್ತದೆ. ಕಾರಿನ ಲೇಪ ಅದರ ಮುಂದೆ ಬಹಳ ಮೆದು. ಬೆಳಗ್ಗೆ ಎದ್ದು ಒಣ ಬಟ್ಟೆಯಿಂದ ಧೂಳು ಒರೆಸುವವನು ಆ ಬಟ್ಟೆಯನ್ನು ಉಪ್ಪುಕಾಗದವನ್ನಾಗಿ ಮಾಡಿಕೊಳ್ಳುತ್ತಾನೆ. ಕಡಲ ದಂಡೆಯ ಉಪ್ಪಾದರೂ ನೀರಿಗೆ ಕರಗೀತು, ಮರಳು ಕರಗುವುದಿಲ್ಲ.

ಎರಡು ಬಕೆಟ್ಟು ನೀರು ಇದಕ್ಕೆ ಔಷಧ. ಮೊದಲು ನೀರು ಸುರಿದು ಧೂಳನ್ನು ತಾನಾಗಿ ಇಳಿಯಗೊಡಬೇಕು. ಒಂದು ಬಕೆಟ್ಟಿನಲ್ಲಿ ಕಾರು ತೊಳೆಯುವ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಮೃದುವಾದ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆಯುತ್ತ, ಪ್ರತಿ ಸಲವೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದಬೇಕು. ಕೆಳಗೆ ಬಿದ್ದ ಬಟ್ಟೆಯನ್ನು ಮತ್ತೆ ಬಳಸಬಾರದು. ಪಾತ್ರೆ ತಿಕ್ಕುವ ನಾರು ಕಾರಿನ ಹತ್ತಿರವೂ ಸುಳಿಯಬಾರದು. ಬೇಸಗೆಯಲ್ಲಿ ನೀರಿಗೆ ಕೊರತೆಯಾದರೆ, ಗಾಜುಗಳನ್ನಷ್ಟು ತೊಳೆದು ಮೈಯ ಧೂಳನ್ನು ಹಾಗೆಯೇ ಬಿಡಿರಿ. ಕುಳಿತ ಧೂಳಿನಿಂದ ಗೀರಿಲ್ಲ. ಎಳೆದ ಧೂಳಿನಿಂದ ಗೀರು. ಹಕ್ಕಿಯ ಹಿಕ್ಕೆಯನ್ನು ಮಾತ್ರ ಬಿಡಲಾಗದು. ಅದು ಲೇಪವನ್ನು ತಿನ್ನುತ್ತದೆ. ಒದ್ದೆ ಬಟ್ಟೆ ಹಾಕಿ ನೆನೆಸಿ, ಉಜ್ಜದೆ ಎತ್ತಿ ತೆಗೆಯಬೇಕು.

ಪಾಲಕರಲ್ಲಿ ನಮ್ಮದೊಂದು ವಿಜ್ಞಾಪನೆ. ಗಾಡಿಯ ಒಡೆತನ ಯಾರದಾದರೂ ಆಗಿರಲಿ, ಒರೆಸುವ ಕೈ ಹೆಚ್ಚಾಗಿ ಬಡವನದು. ಗೀರು ಕಂಡಾಗ ಬೈಗುಳವೂ ಅವನ ಪಾಲಿಗೆ. ಅವನ ಕೈಗೆ ಒಣ ಚಿಂದಿಯನ್ನು ಕೊಟ್ಟು ಹೊಳಪನ್ನು ಬೇಡುವುದು ನ್ಯಾಯವಲ್ಲ. ಎರಡನೆಯ ಬಕೆಟ್ಟನ್ನೂ ಹತ್ತು ನಿಮಿಷದ ಬಿಡುವನ್ನೂ ಕೊಡಿರಿ. ಒರೆಸುವವರೇ ನೀವಾಗಿದ್ದರೆ, ಅವೆರಡನ್ನೂ ಸಂಕೋಚವಿಲ್ಲದೆ ಕೇಳಿರಿ. ಏಕೆ ಬೇಕೆಂಬುದನ್ನು ಈಗ ನೀವು ಬಿಡಿಸಿ ಹೇಳಬಲ್ಲಿರಿ. ವಿದ್ಯಾರ್ಥಿಗಳೇ, ಕೈಕಸುಬಿನಲ್ಲಿ ಕಾರಣವನ್ನು ಅರಿತು ದುಡಿಯುವವನಿಗೆ ಬೆಲೆಯೇ ಬೇರೆ. ನಾಳೆ ನಿಮ್ಮಲ್ಲಿ ಯಾರಾದರೂ ಈ ಕೆಲಸವನ್ನು ಹಿಡಿದರೆ, ಅದನ್ನು ಇಡೀ ತಾಲೂಕಿನಲ್ಲಿ ಚೆನ್ನಾಗಿ ಬಲ್ಲವರು ನೀವೇ ಆಗಿರಿ ಎಂದು ಹಾರೈಸುತ್ತೇವೆ.