ತೈಮೂರನು ಚೀನವನ್ನು ಗೆದ್ದಿದ್ದರೆ?

(ವಾಚನಾಲಯವೊಂದರ ಸಭೆಯಲ್ಲಿ ಮಾಡಿದ ಭಾಷಣ)



ಕ್ರಿ. ಶ. 1405ನೆಯ ಇಸವಿಯ ಫೆಬ್ರವರಿ ತಿಂಗಳು. 1398ರಲ್ಲಿ ದಿಲ್ಲಿಯನ್ನು ಸೂರೆಗೈದು, 1402ರಲ್ಲಿ ಅಂಕಾರದ ರಣರಂಗದಲ್ಲಿ ತುರ್ಕರ ಸುಲ್ತಾನ ಬಾಯಜೀದನನ್ನು ಸೆರೆಹಿಡಿದ ತೈಮೂರನು, ಸಿರ್ ನದಿಯ ಸಮೀಪದ ಒತ್ರಾರ್ ಪಟ್ಟಣದಲ್ಲಿ ಕಾಯಿಲೆಯಿಂದ ಮಲಗಿದ್ದನು. ಅವನ ಮಹಾಸೈನ್ಯವು ಚೀನದ ಕಡೆಗೆ ಹೊರಟಿದ್ದಿತು. ಆದರೆ ತೈಮೂರನು ಅಲ್ಲಿಯೇ ಮಡಿದನು. ದಂಡಯಾತ್ರೆಯೂ ಅಲ್ಲಿಗೇ ಮುಗಿಯಿತು.

ಅವನು ಇನ್ನು ಹತ್ತು ವರ್ಷ ಬದುಕಿದ್ದರೆ ಸಮರ್ಕಂದದ ವಂಶವು ಚೀನವನ್ನು ಆಳುತ್ತಿದ್ದಿತೇ? ಇದು ಹಗಲುಗನಸಿನ ಪ್ರಶ್ನೆಯೆಂದು ನಗಬೇಡಿರಿ. ಆಗದೆ ಹೋದುದನ್ನು ವಿಚಾರಿಸುವಾಗಲೇ ಆದುದರ ಕಾರಣಗಳು ತಿಳಿಯುವುವು. ರಾಜ್ಯಗಳ ಅಳಿವು ಉಳಿವುಗಳು ಒಬ್ಬ ಪುರುಷನ ಆಯುಷ್ಯವನ್ನು ಅವಲಂಬಿಸಿವೆಯೋ, ಜನತೆಯ ಸತ್ವವನ್ನೋ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ. ಬಾಲಕರಿಗೆ ಇತಿಹಾಸವನ್ನು ಕಲಿಸುವ ಉಪಾಧ್ಯಾಯರು ಇದಕ್ಕೆ ಉತ್ತರ ಹೇಳಲೇಬೇಕಾಗುವುದು.

ಮೊದಲು, ಗೆಲವು ಸಾಧ್ಯವಿದ್ದಿತೇ? ಮಿಂಗ್ ಮನೆತನದಲ್ಲಿ 1399ರಿಂದ 1402ರ ವರೆಗೆ ಅಂತಃಕಲಹ ನಡೆದು, ಯುಂಗ್‌ಲೋ ಚಕ್ರವರ್ತಿಯು ಅಣ್ಣನ ಮಗನಿಂದ ಸಿಂಹಾಸನವನ್ನು ಕಸಿದುಕೊಂಡಿದ್ದನು. ವೈರಿಗೆ ಇದು ಒಳ್ಳೆಯ ಸಮಯವೇ ಸರಿ. ಆದರೆ ಚಂಗೀಜಖಾನನು 1211ರಲ್ಲಿ ಉತ್ತರ ಚೀನದ ಮೇಲೆ ಏರಿಹೋದಂದಿನಿಂದ, ಅವನ ಮೊಮ್ಮಗ ಕುಬ್ಲಾಯಿಯು 1279ರಲ್ಲಿ ದಕ್ಷಿಣವನ್ನು ಪೂರ್ತಿಯಾಗಿ ಗೆಲ್ಲುವ ವರೆಗೆ 68 ವರ್ಷಗಳು ಹಿಡಿದವು. ರೂಢಿಯ ಲೆಕ್ಕದಂತೆ 1336ರಲ್ಲಿ ಹುಟ್ಟಿದ ತೈಮೂರನಿಗೆ ಸಾಯುವಾಗ ಅಷ್ಟೇ ವಯಸ್ಸು! ಮೂರು ತಲೆಮಾರಿನ ಕೆಲಸವನ್ನು ಒಬ್ಬ ವೃದ್ಧನು ಮಾಡಿ ಮುಗಿಸಬಹುದಿತ್ತೇ? 1449ರಲ್ಲಿ ಮಂಗೋಲರು ಮಿಂಗ್ ಚಕ್ರವರ್ತಿಯನ್ನೇ ಸೆರೆಹಿಡಿದರು. ಆದರೂ ಪೇಕಿಂಗ್ ನಗರವು ಮಣಿಯಲಿಲ್ಲ. ಅರಸನು ಸಿಕ್ಕಿದ ಮಾತ್ರಕ್ಕೆ ದೇಶವು ಸಿಕ್ಕಿತೆಂದಲ್ಲ.

ಗೆದ್ದನೆಂದೇ ಇಟ್ಟುಕೊಳ್ಳೋಣ. ಉಳಿಸಿಕೊಳ್ಳುವವರಾರು? ತೈಮೂರನು ಮೊಮ್ಮಗನಾದ ಪೀರ್ ಮಹಮ್ಮದನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದ್ದನು. ಆದರೆ ಇನ್ನೊಬ್ಬ ಮೊಮ್ಮಗ ಖಲೀಲನು ಸಮರ್ಕಂದವನ್ನು ಹಿಡಿದನು. ಕಡೆಗೆ 1409ರಲ್ಲಿ ಆ ನಗರವು ಮಗನಾದ ಶಾಹರುಖನ ಕೈಸೇರಿತು. ತವರು ಪಟ್ಟಣಕ್ಕಾಗಿಯೇ ಹೀಗೆ ಕಾದಾಡಿದವರು ಮರುಭೂಮಿಗಳಾಚೆಯ ಚೀನವನ್ನು ಕಾಯುತ್ತಿದ್ದರೆಂದು ನಂಬುವುದು ಕಷ್ಟ.

ಅದೂ ಆಯಿತೆನ್ನೋಣ. ಆಗಲೂ ಅವರು ಸಮರ್ಕಂದದವರಾಗಿಯೇ ಉಳಿಯುತ್ತಿದ್ದರೇ? ಕುಬ್ಲಾಯಿಯು 1271ರಲ್ಲಿ ತನ್ನ ರಾಜ್ಯಕ್ಕೆ ಯುವಾನ್ ಎಂಬ ಚೀನೀ ಹೆಸರನ್ನೇ ಇಡಬೇಕಾಯಿತು. 1368ರಲ್ಲಿ ಅವನ ವಂಶವು ಪೇಕಿಂಗನ್ನು ಬಿಟ್ಟೋಡಿತು. ತೈಮೂರನ ಐದನೆಯ ತಲೆಯವನಾದ ಬಾಬರನು 1526ರಲ್ಲಿ ಪಾಣಿಪತ್ತಿನಲ್ಲಿ ಗೆದ್ದು ದೂರದೇಶದಲ್ಲಿ ಆ ವಂಶವನ್ನು ನಿಲ್ಲಿಸಿದನು. ಅಲ್ಲಿ ಆದುದೇನು? ಬಾಬರನು ಆತ್ಮಕಥೆಯನ್ನು ತನ್ನ ತುರ್ಕಿ ಮಾತಿನಲ್ಲಿ ಬರೆದನು. ಮೊಮ್ಮಗ ಅಕ್ಬರನ ಕಾಲಕ್ಕೆ ಅದನ್ನು ಪಾರಸಿಗೆ ತರಬೇಕಾಯಿತು. 1857ರ ಕಡೆಯ ಬಾದಶಹ ಬಹಾದೂರ್ ಶಹನು ಹಿಂದುಸ್ಥಾನದ ನೆಲದಲ್ಲಿಯೇ ಬೆಳೆದ ಉರ್ದುವಿನಲ್ಲಿ ಕವಿತೆ ಕಟ್ಟಿದನು. ಗೆದ್ದವರ ನುಡಿಯು ಅವರ ಅರಮನೆಯಲ್ಲಿಯೇ ಅಳಿಯಿತು. ಗೆಲ್ಲಲ್ಪಟ್ಟವರ ನುಡಿಗಳು ಉಳಿದವು.

ನಿಜವಾಗಿ ನಡೆದುದನ್ನು ನೋಡಿರಿ. ತಂದೆಯು ದಂಡು ಕಳುಹಿದ ದಾರಿಯಲ್ಲಿ ಶಾಹರುಖನು 1419ರಲ್ಲಿ ರಾಯಭಾರಿಗಳನ್ನು ಕಳುಹಿದನು. ಅವರೊಡನೆ ಹೋದ ಚಿತ್ರಕಾರ ಘಿಯಾಸುದ್ದೀನನು ಚೀನದ ವೈಭವವನ್ನು ಬರೆದಿಟ್ಟನು. ಅದೇ ಶಾಹರುಖನ ದೂತ ಅಬ್ದುರ್ ರಜಾಕನು 1443ರಲ್ಲಿ ನಮ್ಮ ವಿಜಯನಗರಕ್ಕೆ ಬಂದು, ಇಮ್ಮಡಿ ದೇವರಾಯನ ರಾಜಧಾನಿಯ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದನು. ಮೊಮ್ಮಗ ಉಲೂಗ್ ಬೇಗನು ಸಮರ್ಕಂದದಲ್ಲಿ ವೇಧಶಾಲೆಯನ್ನು ಕಟ್ಟಿ, ಸಾವಿರಕ್ಕೆ ಮಿಕ್ಕಿದ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಮಾಡಿದನು.

ಮಹನೀಯರೇ, ತೈಮೂರನು ಬದುಕಿದ್ದರೆ ಹೆಣಗಳ ರಾಶಿಯು ಇನ್ನೂ ಹೆಚ್ಚುತ್ತಿದ್ದಿತು, ಸಂದೇಹವಿಲ್ಲ. ಆದರೆ ಚೀನವು ಚೀನವಾಗಿಯೇ ಇರುತ್ತಿದ್ದಿತು. ಖಡ್ಗವು ಸಿಂಹಾಸನವನ್ನು ಕೊಡಬಲ್ಲುದು, ಜನರ ನಾಲಗೆಯನ್ನು ಕೊಡಲಾರದು. ಮಕ್ಕಳಿಗೆ ವಿಜಯಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವಾಗ, ಈ ಸೋತವರ ಗೆಲವನ್ನೂ ಒಮ್ಮೆ ಹೇಳಿಕೊಡಬೇಕೆಂದು ಬೇಡಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.