ಸಾಥಿಯ ಕಾಲದಲ್ಲಿ ಎಳೆಯ ಮಕ್ಕಳು



ಸಾಥಿ ರೋಗಗಳು ನಮ್ಮ ಸೀಮೆಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಕಡೆಯಿಂದ ಪ್ಲೇಗು ಬೆಳಗಾವಿ, ಧಾರವಾಡಗಳನ್ನು ಹೊಕ್ಕಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 2020ರ ಕೊರೋನಾ ಇದಕ್ಕೆ ತೀರ ವಿರುದ್ಧವಾದ ಮಾತು ಹೇಳಿತು: ಮನೆ ಬಿಟ್ಟು ಹೊರಡಬೇಡಿ. ಅಂದಿನ ಮಕ್ಕಳಿಗೆ ಗುಡಿಸಲಿನ ಮುಂದೆ ಬಯಲಾದರೂ ಇತ್ತು. ಈ ಸಲ ಅದೂ ಇಲ್ಲವಾಯಿತು.

ಈ ರೋಗ ಎಳೆಯ ಮಕ್ಕಳ ಮೈಯನ್ನು ಬಹುಮಟ್ಟಿಗೆ ಹಗುರವಾಗಿಯೇ ಮುಟ್ಟಿತು. ಅವರಿಗೆ ಪೆಟ್ಟು ಬಿದ್ದದ್ದು ಮನೆಯ ಮೂಲಕ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ರಾಮದುರ್ಗದ ನೇಕಾರರು ನೆಯ್ದ ಸೀರೆ ಕೊಳ್ಳುವವರು ಬರಲಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡ ಭಕ್ತರಿಗೆ ತಿಂಗಳುಗಟ್ಟಲೆ ಮುಚ್ಚಿತು. ಅಲ್ಲಿ ಕಾಯಿ, ಬಳೆ, ಭಂಡಾರ ಮಾರಿ ಬದುಕುವವರ ಒಲೆ ತಣ್ಣಗಾಯಿತು. ಗೋವೆ, ಪುಣೆಗಳಿಗೆ ದುಡಿಯಲು ಹೋದವರು ಕೂಸುಗಳನ್ನೆತ್ತಿಕೊಂಡು ತಿರುಗಿ ಬಂದರು. ಮಲಪ್ರಭೆಯ ದಂಡೆಯ ಹಳ್ಳಿಗಳಂತೂ 2019ರ ಆಗಸ್ಟಿನ ನೆರೆಯಿಂದಲೇ ಇನ್ನೂ ಚೇತರಿಸಿಕೊಂಡಿರಲಿಲ್ಲ. ತಂದೆಯ ಕೂಲಿ ನಿಂತರೆ ಕೂಸಿನ ಹಾಲೂ ನಿಲ್ಲುತ್ತದೆ. ಆದ್ದರಿಂದ ಮಗುವಿಗೆ ನೆರವಾಗುವುದೆಂದರೆ ಮೊದಲು ಅದರ ಮನೆಗೆ ನೆರವಾಗುವುದು.

ಅಂಗನವಾಡಿಯ ಉದಾಹರಣೆಯನ್ನೇ ನೋಡಿ. ಈ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. 2013ರ ಆಹಾರ ಭದ್ರತಾ ಕಾನೂನಿನಂತೆ ಮೂರರಿಂದ ಆರು ವರ್ಷದ ಮಗುವಿಗೆ ಆಗ ಅಲ್ಲಿ ದಿನಕ್ಕೆ 500 ಕ್ಯಾಲರಿಯ ಆಹಾರ ಸಿಗಬೇಕಿತ್ತು. 2020ರ ಮಾರ್ಚಿನಲ್ಲಿ ಮುಚ್ಚಿದ ಕೇಂದ್ರಗಳು ನಮ್ಮ ರಾಜ್ಯದಲ್ಲಿ ಮಕ್ಕಳಿಗಾಗಿ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ನಡುವೆ ಕಾರ್ಯಕರ್ತೆಯರು ಧಾನ್ಯವನ್ನು ಮನೆಗೆ ಮುಟ್ಟಿಸಿದರು. ಅವರ ಶ್ರಮ ದೊಡ್ಡದು. ಆದರೆ ಎಲೆಗೆ ಬಡಿಸಿದ ಊಟ ಬೇರೆ, ಮನೆಗೆ ಬಂದ ಧಾನ್ಯ ಬೇರೆ. ಐದು ಬಾಯಿಗಳಿರುವ ಮನೆಯಲ್ಲಿ ಮಗುವಿನ ಪಾಲಿನ ಬೇಳೆ ಎಲ್ಲರ ಸಾರಿಗೂ ಬೀಳುತ್ತದೆ. ಇದು ತಾಯಿಯ ತಪ್ಪಲ್ಲ. ಇಡೀ ಮನೆಗೆ ಸಾಲುವಷ್ಟು ಕೊಟ್ಟಾಗಲೇ ಮಗುವಿನ ಪಾಲು ಮಗುವಿಗೆ ಉಳಿಯುತ್ತದೆ.

ಕಳೆದದ್ದು ಊಟವಷ್ಟೇ ಅಲ್ಲ. ಬಾಗಿಲು ಮುಚ್ಚಿದಾಗ ಮೂರೂವರೆ ವರ್ಷವಿದ್ದ ಮಗು ಬಾಗಿಲು ತೆರೆದಾಗ ಐದು ದಾಟಿತ್ತು. ಓರಗೆಯವರೊಡನೆ ಜಗಳಾಡಿ, ರಾಜಿಯಾಗಿ, ಕೂಡಿ ಹಾಡುವ ವಯಸ್ಸೇ ಅದರ ಪಾಲಿಗೆ ಕಳೆದುಹೋಯಿತು. ಎಳೆಯ ಮಗುವಿಗೆ ಆಟವೇ ಪಾಠ. ಸಾಥಿಯ ದಿನಗಳಲ್ಲಿ ಈ ಕೊರತೆಯನ್ನು ತುಂಬಬಲ್ಲವರು ಮನೆಯವರೇ. ಅದಕ್ಕೆ ಖರ್ಚಿಲ್ಲ. ಜೋಳ ಹಸನು ಮಾಡುವಾಗ ಕಾಳು ಎಣಿಸಲು ಕೂಡಿಸಿಕೊಳ್ಳಿರಿ. ಅಜ್ಜಿ ಕಥೆ ಹೇಳಲಿ. ಉಣ್ಣುವ, ಮಲಗುವ ಹೊತ್ತು ತಪ್ಪದಿರಲಿ. ದಿನದ ಕ್ರಮ ಉಳಿದರೆ ಮಗುವಿನ ಧೈರ್ಯವೂ ಉಳಿಯುತ್ತದೆ.

ಅಂಜಿಕೆಯ ಮಾತನ್ನೂ ಹೇಳಬೇಕು. ದೊಡ್ಡವರು ಪಿಸುಗುಟ್ಟಿದ್ದನ್ನು ಮಕ್ಕಳು ಕೇಳದೆ ಬಿಡರು. ಅರ್ಧ ಕೇಳಿದ ಮಾತು ಪೂರ್ಣ ಸತ್ಯಕ್ಕಿಂತ ಹೆಚ್ಚು ಹೆದರಿಸುತ್ತದೆ. ಅಪ್ಪನನ್ನು ದವಾಖಾನೆಗೆ ಏಕೆ ಒಯ್ದರೆಂಬುದನ್ನು ಮಗುವಿಗೆ ತಿಳಿಯುವ ನಾಲ್ಕು ಮಾತಿನಲ್ಲಿ ಹೇಳಬೇಕು, ಸುಳ್ಳು ಹೇಳಬಾರದು.

ಇನ್ನೆರಡು ಸಂಗತಿಗಳು. ಕೊರೋನಾ ತಗಲಿದ ತಾಯಿಯೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕೈ ತೊಳೆದು, ಕೂಸಿಗೆ ಮೊಲೆ ಕುಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಎರಡನೆಯದು, ಲಸಿಕೆ. 2020ರಲ್ಲಿ ಜಗತ್ತಿನ ಸುಮಾರು 2 ಕೋಟಿ 30 ಲಕ್ಷ ಕೂಸುಗಳಿಗೆ ವಾಡಿಕೆಯ ಲಸಿಕೆಗಳು ಪೂರ್ತಿ ಸಿಗಲಿಲ್ಲ. ಒಂದು ರೋಗಕ್ಕೆ ಅಂಜಿ ಗೋವರ, ಗಂಟಲಮಾರಿಗಳಿಗೆ ಬಾಗಿಲು ತೆರೆಯುವುದು ಜಾಣತನವಲ್ಲ.

ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ರಾಜ್ಯ ಸರಕಾರ 2021ರಲ್ಲಿ ಬಾಲ ಸೇವಾ ಯೋಜನೆಯನ್ನು ಸಾರಿ, ತಿಂಗಳಿಗೆ 3,500 ರೂಪಾಯಿ ಗೊತ್ತುಮಾಡಿತು. ಆದರೆ ಅರ್ಜಿ ಬರೆಯಬೇಕಾದವಳು ಅಕ್ಷರ ಬಾರದ ಅಜ್ಜಿಯಾದರೆ ಯೋಜನೆ ಕಾಗದದಲ್ಲೇ ಉಳಿದೀತು. ಇಲ್ಲಿಯೇ ಬೈಲಹೊಂಗಲ, ಕಿತ್ತೂರುಗಳಂಥ ಪೇಟೆಗಳ ಓದುಬರಹ ಬಲ್ಲವರ ಕೆಲಸವಿರುವುದು. ಓಣಿಯಲ್ಲಿ ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾವ ಮನೆಯ ಮಗ್ಗ ನಿಂತಿದೆ ಎಂಬುದನ್ನು ತಿಳಿದಿರುವುದು, ಅರ್ಜಿ ಬರೆದುಕೊಡುವುದು, ಸಂಕಟದಲ್ಲಿರುವ ಮಗು ಕಂಡರೆ 1098ಕ್ಕೆ ತಿಳಿಸುವುದು—ಇಷ್ಟು ಯಾರಿಗೂ ಭಾರವಲ್ಲ.

ಸಾಥಿ ಹೇಳಿ ಬರುವುದಿಲ್ಲ. ಓಣಿಯ ಪರಿಚಯವನ್ನಾದರೂ ನಾವು ಮೊದಲೇ ಮಾಡಿಕೊಂಡಿರಬಹುದು.